ರೌಂಡ್ ರಾಕಿನಲ್ಲಿ ಸಾನ್‌ರೆಮೊ

ಆ ದಿನ ಝೂಮ್ ಮೀಟಿಂಗಿನಲ್ಲಿ ಪ್ರಹ್ಲಾದನಿಗೆ ಮ್ಯೂಟ್ ತೆಗೆಯುವ ಬುದ್ಧಿ ಯಾಕೆ ಬಂತೋ ದೇವರೇ ಬಲ್ಲ. ಟೆಕ್ಸಸ್ಸಿಗೆ ಬಂದು ಕೂದಲು ನರೆಯುವಷ್ಟು ವರ್ಷವಾಗಿತ್ತು. ಕನ್ನಡದವರ ಮೀಟಿಂಗ್ ಎಂದರೆ ಕ್ಯಾಮೆರಾ ಆರಿಸಿ, ಹೆಸರು ಮಾತ್ರ ಕಾಣುವಂತೆ ಬಿಟ್ಟು, ಸೋಫಾದ ಮೇಲೆ ಒಗೆದ ಬಟ್ಟೆ ಮಡಚುತ್ತಾ ಕೂರಬೇಕು ಎಂಬ ಜಾಣತನ ಅವನಿಗೆ ಚೆನ್ನಾಗಿ ಸಿದ್ಧಿಸಿತ್ತು. ಅಂಥವನು ಕಾಲುಚೀಲದ ಜೋಡಿ ಹುಡುಕುವುದನ್ನು ಅರ್ಧಕ್ಕೇ ಬಿಟ್ಟು ಬಾಯಿ ತೆರೆದ. ಅಲ್ಲಿಂದಾಚೆ ನಡೆದದ್ದಕ್ಕೆಲ್ಲ ಬೇರೆ ಯಾರನ್ನೂ ದೂರುವಂತಿಲ್ಲ.

ವಿಷಯ ಇಷ್ಟೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡಿಗರು ಸೇರಿ 'ತ್ರಿನಗರ ಗಾನ ಸಮಿತಿ' ಎಂದು ಒಂದನ್ನು ಕಟ್ಟಿಕೊಂಡಿದ್ದರು. ಯುಗಾದಿಗೆ ಹಾಡಿನ ಸ್ಪರ್ಧೆ ಮಾಡಬೇಕು. ಜಾಗ, ಆಸ್ಟಿನ್ ಪಕ್ಕದ ರೌಂಡ್ ರಾಕಿನ ಒಂದು ಶಾಲೆಯ ಸಭಾಂಗಣ. ಸ್ಪರ್ಧೆ ಹೇಗೆ ನಡೆಯಬೇಕೆಂದು ಬಹಳ ಹೊತ್ತು ಚರ್ಚೆಯಾಗಿ, ಹೋಳಿಗೆ ಕಾಯಿಯದಲ್ಲ ಬೇಳೆಯದು ಎಂಬಲ್ಲಿಗೆ ಬಂದು ನಿಂತಿತ್ತು.

ಇತ್ತ ಪ್ರಹ್ಲಾದನ ಹೊಟ್ಟೆಯಲ್ಲಿ ಇಟಲಿ ಕುದಿಯುತ್ತಿತ್ತು. ಫೆಬ್ರವರಿಯಲ್ಲಿ ಅವನ ಕಂಪ್ಯೂಟರ್ ಕಂಪನಿ ಅವನನ್ನು ಹತ್ತು ದಿನ ಜಿನೋವಾಕ್ಕೆ ಕಳಿಸಿತ್ತು. ಹೋಗಿ ಬಂದದ್ದೇನೋ ಆಯಿತು, 'ಇಟಲಿ ಹೇಗಿತ್ತು?' ಎಂದು ಒಬ್ಬನೇ ಒಬ್ಬ ಕೇಳಲಿಲ್ಲ. ಯಾರೂ ಕೇಳದಿದ್ದ ಮೇಲೆ ಹೋಗಿ ಏನು ಬಂತು, ನೀವೇ ಹೇಳಿ.

"ಇಟಲೀಲಿ ಏನ್ ಮಾಡ್ತಾರೆ ಗೊತ್ತಾ?" ಎಂದ.

"ಯಾರದು?" ಸಮಿತಿಯ ಅಧ್ಯಕ್ಷರು, ಡಾಲಸ್ಸಿನಲ್ಲಿ ಮನೆ ಮಾರಿಸುವ ವ್ಯವಹಾರದ ಲಿಂಗರಾಜು, ಬೆಚ್ಚಿಬಿದ್ದರು. "ಓ, ಪ್ರಹ್ಲಾದ್! ನೀವೂ ಈ ಸಮಿತೀಲಿ ಇದೀರಾ?"

"ಇದೀನಿ ಸಾರ್. ಇಟಲೀಲಿ ಸಾನ್‌ರೆಮೊ ಅಂತ ಒಂದೂರು. ಪ್ರತಿ ವರ್ಷ ಐದು ದಿನ ಹಾಡಿನ ಸ್ಪರ್ಧೆ. ಇಡೀ ದೇಶ ಟಿವಿ ಮುಂದೆ ಕೂತಿರತ್ತೆ. ಎರಡು ವಿಭಾಗ. ಹೆಸರು ಮಾಡಿರೋ ತಾರೆಯರದ್ದು ಒಂದು, ಹೊಸಬರದ್ದು ಒಂದು. ಹಾಡು ಮಾತ್ರ ಹೊಚ್ಚ ಹೊಸದಿರಬೇಕು, ಹಿಂದೆ ಯಾರೂ ಕೇಳಿರಬಾರದು."

"ನೀವು ನೋಡಿದ್ರಾ?" ಎಂದು ಯಾರೋ ಕೇಳಿದರು.

"ನೋಡ್ದೆ" ಎಂದ. ಸುಳ್ಳಲ್ಲ. ಹೋಟೆಲಿನ ರಿಸೆಪ್ಷನ್ನಿನ ಸೋಫಾದಲ್ಲಿ, ಮಾಂಸವಿಲ್ಲದ ಊಟ ಬರುವುದನ್ನು ಕಾಯುತ್ತಾ, ಅಲ್ಲಿನ ಟಿವಿಯಲ್ಲಿ, ತೂಕಡಿಕೆಯ ನಡುವೆ ನೋಡಿದ್ದ. ಅಡುಗೆಯವನೂ ಅಲ್ಲೇ ನಿಂತು ನೋಡುತ್ತಿದ್ದುದರಿಂದ ಊಟ ತಡವಾಗಿತ್ತು. ಸೋಫಾದಲ್ಲಿ ಕಾದ ಆ ಗೋಳನ್ನು ಅಂದೇ ಫೋನಿನಲ್ಲಿ ಹೆಂಡತಿಗೆ ತೋಡಿಕೊಂಡಿದ್ದ.

ನಮ್ಮವರ ಸಮಿತಿಗಳಲ್ಲಿ ಒಂದು ಕಟ್ಟಳೆಯಿದೆ. ಸಲಹೆ ಕೊಟ್ಟವನೇ ಅದನ್ನು ಮಾಡಿ ತೋರಿಸಬೇಕು. ಬುದ್ಧಿವಂತರು ಅದಕ್ಕೇ ಸಲಹೆ ಕೊಡುವುದಿಲ್ಲ, ಬರೀ ತಪ್ಪು ಹುಡುಕುತ್ತಾರೆ. ಲಿಂಗರಾಜು ಇದಕ್ಕೇ ಕಾದಿದ್ದವರಂತೆ, "ಸಾನ್‌ರೆಮೊ ಮಾದರಿ! ಅದ್ಭುತ! ಪೂರ್ತಿ ಜವಾಬ್ದಾರಿ ಪ್ರಹ್ಲಾದ್ ಅವರದ್ದು!" ಎಂದು ಸಾರಿ, ಅವನು ಉಸಿರೆತ್ತುವ ಮೊದಲೇ ಮೀಟಿಂಗ್ ಮುಗಿಸಿಬಿಟ್ಟರು.

ಮಾರನೆಯ ಬೆಳಿಗ್ಗೆ ವಾಟ್ಸಾಪಿನಲ್ಲಿ 'ಸಾನ್‌ರೆಮೊ ಉತ್ಸವಕ್ಕೆ ಹೋಗಿ ಬಂದ ನಮ್ಮ ಪ್ರಹ್ಲಾದ್' ಎಂದಿತ್ತು. ಮಧ್ಯಾಹ್ನಕ್ಕೆ ಅದು 'ವಿಶೇಷ ಆಹ್ವಾನಿತರಾಗಿ' ಎಂದಾಯಿತು. ಸಂಜೆಯ ಹೊತ್ತಿಗೆ ಹ್ಯೂಸ್ಟನ್ನಿನ ಜನ ಅವನು ಅಲ್ಲಿ ತೀರ್ಪುಗಾರನಾಗಿದ್ದನೆಂದು ನಂಬಿ ಅಭಿನಂದಿಸತೊಡಗಿದರು. ಪ್ರಹ್ಲಾದ 'ಹಾಗೇನಿಲ್ಲ' ಎಂದು ಟೈಪ್ ಮಾಡಿದ, ಅಳಿಸಿದ, ಮತ್ತೆ ಮಾಡಿದ, ಮತ್ತೆ ಅಳಿಸಿದ. ಕೊನೆಗೆ ಏನೂ ತೋಚದೆ ಎರಡು ಕೈ ಮುಗಿದ ಚಿತ್ರ ಹಾಕಿದ. ವಿನಯವನ್ನು ಕಂಡು ಜನ ಇನ್ನಷ್ಟು ನಂಬಿದರು.

ಪ್ರಹ್ಲಾದನ ಹೆಂಡತಿ ಅನಸೂಯ ಮೈಸೂರಿನವಳು. ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಚಿಕ್ಕಂದಿನಿಂದ ಸಂಗೀತ ಕಲಿತವಳು. ಊರಿನ ಯಾವ ಸಮಾರಂಭವಿರಲಿ, ಪ್ರಾರ್ಥನೆ ಅವಳದ್ದೇ. ಪ್ರಾರ್ಥನೆಯೆಂದರೆ ಗೊತ್ತಲ್ಲ: ಆ ಹೊತ್ತಿಗೆ ಜನ ಕುರ್ಚಿ ಹುಡುಕುತ್ತಿರುತ್ತಾರೆ, ಮೈಕು ಕೀ ಎನ್ನುತ್ತಿರುತ್ತದೆ, ಮುಂದಿನ ಸಾಲಿನಲ್ಲಿ ಎರಡು ವರ್ಷದಿಂದ ಭೇಟಿಯಾಗದವರು ಭೇಟಿಯಾಗುತ್ತಿರುತ್ತಾರೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಯಾರಾದರೂ 'ಸಾಕು, ಲೇಟಾಯ್ತು' ಎಂದು ಕೈಸನ್ನೆ ಮಾಡುತ್ತಾರೆ. ಹೀಗೆ ಎಷ್ಟೋ ವರ್ಷದಿಂದ ಅನಸೂಯ ಅರ್ಧರ್ಧ ಹಾಡಿಕೊಂಡು ಬಂದಿದ್ದಳು.

ಈ ಸಲ ಸ್ಪರ್ಧೆ ಎಂದ ಕೂಡಲೇ ಅವಳ ಮನಸ್ಸಿನಲ್ಲಿ ಆಸೆ ಎದ್ದಿತ್ತು. ಒಂದೇ ಒಂದು ಸಲ, ಒಂದೇ ಒಂದು ಹಾಡು, ಮೊದಲಿಂದ ಕೊನೆಯವರೆಗೆ, ಜನ ಸುಮ್ಮನೆ ಕೂತು ಕೇಳಬೇಕು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ. ಗಂಡನೇ ಸ್ಪರ್ಧೆಯ ಯಜಮಾನ, ಹೇಳುವುದೇನಿದೆ?

ಆ ಯಜಮಾನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರು ತಾರೆ, ಯಾರು ಹೊಸಬ ಎಂದು ವಿಂಗಡಿಸುತ್ತಿದ್ದ. ಅನಸೂಯ ಹಿಂದೆ ಬಂದು ನಿಂತು ನೋಡಿದಳು.

"ನಾನೆಲ್ಲಿ?"

"ನಿಂದ್ಯಾಕೆ ಇದರಲ್ಲಿ? ನೀನು ಹೇಗಿದ್ರೂ ಪ್ರಾರ್ಥನೆ ಹಾಡ್ತೀಯಲ್ಲ."

"ಪ್ರಾರ್ಥನೆ ಹಾಡಲ್ವಾ?"

"ಹಾಡೇ ಅನ್ಕೋ. ಆದ್ರೂ ಅದು ಕಾರ್ಯಕ್ರಮ ಶುರುವಾಗೋಕ್ಕಿಂತ ಮುಂಚೆ ಬರತ್ತಲ್ಲ."

ಅನಸೂಯ ಒಲೆ ಆರಿಸಿ ಬಂದಳು. "ರೀ, ಒಂದು ಮಾತು ಹೇಳಿ. ನಾನು ಪೂರ್ತಿ ಹಾಡಿದ್ದನ್ನ ನೀವು ಯಾವತ್ತಾದ್ರೂ ಕೇಳಿದೀರಾ?"

ಹೆಂಡತಿ ಇಂಥ ಪ್ರಶ್ನೆ ಕೇಳಿದಾಗ ಯೋಚನೆ ಮಾಡಲು ಹೋಗಬಾರದು. ಪ್ರಹ್ಲಾದ ಯೋಚಿಸಿದ. ಪ್ರಾಮಾಣಿಕವಾಗಿ ಯೋಚಿಸಿ, "ಆ ಹೊತ್ತಲ್ಲಿ ನಾನು ಯಾವಾಗ್ಲೂ ನಿನ್ನ ಬಾಗಿಲಲ್ಲಿ ಇಳಿಸಿ ಕಾರ್ ಪಾರ್ಕ್ ಮಾಡ್ತಾ ಇರ್ತೀನಲ್ಲ" ಎಂದ.

ಅಷ್ಟೆ. ಅಂದಿನಿಂದ ಅನಸೂಯ ಅವನ ಜೊತೆ ಮಾತು ಬಿಟ್ಟಳು. ಅಡುಗೆ ಮಾಡಿದಳು, ಬಡಿಸಿದಳು, ಬಟ್ಟೆ ಮಡಚಿದಳು, ಮಾತಿಲ್ಲ. ಅವಶ್ಯಕ ಸಮಾಚಾರಗಳೆಲ್ಲ ಮಗಳು ಇಂಚರಾಳ ಮೂಲಕ ಬರತೊಡಗಿದವು. ಕನ್ನಡ ಪೂರ್ತಿ ಅರ್ಥವಾಗಿಯೂ ಒಂದಕ್ಷರ ಕನ್ನಡ ಆಡದ ಆ ಹುಡುಗಿ ಫೋನಿನಿಂದ ತಲೆಯೆತ್ತದೆಯೇ, "ಡ್ಯಾಡ್, ಅಮ್ಮ ಸೇಸ್ ಟುಡೇ ಈಸ್ ಟ್ರ್ಯಾಶ್ ಡೇ" ಎನ್ನುತ್ತಿದ್ದಳು. ಅದರಲ್ಲಿ ಬೈಗುಳವೇನಾದರೂ ಇದೆಯೇ ಎಂದು ಪ್ರಹ್ಲಾದ ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಾ ಲೆಕ್ಕ ಹಾಕುತ್ತಿದ್ದ. ನಿದ್ದೆ ಸರಿಯಿಲ್ಲ. 'ತಪ್ಪಾಯ್ತು' ಎನ್ನಲು ಹೋದರೆ ಅವಳು ಮಿಕ್ಸಿ ಹಾಕುತ್ತಿದ್ದಳು.

ಮನೆಯಲ್ಲಿ ಮೌನ, ಹೊರಗೆ ಫೋನು. ವಿಂಗಡಣೆ ಪ್ರಕಟವಾದ ಗಳಿಗೆಯಿಂದ ಅದು ಬಾಯಿ ಮುಚ್ಚಲಿಲ್ಲ. ಮೊದಲು ಬಂದದ್ದು ಹ್ಯೂಸ್ಟನ್ನಿನ ಡಾಕ್ಟರ್ ಹಾಲಪ್ಪನವರದ್ದು. ಧಾರವಾಡದವರು, ಹೃದಯದ ಡಾಕ್ಟರು, ಎದುರಿಗಿದ್ದವರ ಹೃದಯ ಹಾರುವಂತೆ ಮಾತಾಡುವವರು.

"ಏನ್ರೀ ಪ್ರಹ್ಲಾದ, ನನ್ನ ಹೊಸಬರ ಸಾಲಿನ್ಯಾಗ ಹಾಕೀರಿ? ನಾ ಧಾರವಾಡದಾಗ ಗಣಪತಿ ಮುಂದ ಹಾಡಿದಾಂವ ಅದೀನಿ. ಮಂದಿ ಇನ್ನೂ ನೆನಸ್ತಾರ!"

ಡಾಕ್ಟರನ್ನು ತಾರೆ ಮಾಡಿದ. ಮಾಡಿದ್ದು ಗೊತ್ತಾಗಿ ಆಸ್ಟಿನ್ನಿನವರು, "ಹಾಲಪ್ಪನೋರೇ ತಾರೆ ಆದ್ರೆ ನಾವೇನು ಪಾಪ ಮಾಡಿದ್ವಿ?" ಎಂದರು. ಅವರನ್ನೂ ಮಾಡಿದ. ಒಂದು ವಾರದಲ್ಲಿ ಟೆಕ್ಸಸ್ಸಿನ ಆಕಾಶದಲ್ಲಿ ತಾರೆಗಳು ಕಿಕ್ಕಿರಿದು ತುಂಬಿ, ಹೊಸಬರ ವಿಭಾಗದಲ್ಲಿ ಉಳಿದವನು ಡಾಲಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಎಂ.ಎಸ್. ಓದುವ ತರುಣ್ ಒಬ್ಬನೇ. ಅವನು ಬಂದದ್ದೇ ಕಳೆದ ಆಗಸ್ಟಿನಲ್ಲಿ.

"ಅಂಕಲ್, ಒಬ್ನೇ ಇದ್ರೆ ಮೊದಲನೇ ಬಹುಮಾನ ನಂಗೇ ತಾನೆ?" ಎಂದು ಅವನು ಲೈಟ್‌ರೈಲಿನೊಳಗಿಂದ ಫೋನ್ ಮಾಡಿ ಖಚಿತ ಮಾಡಿಕೊಂಡ.

ಹೊಸಬರನ್ನು ಹುಡುಕಿಕೊಂಡು ಪ್ರಹ್ಲಾದ ಕಾರಿನಲ್ಲಿ ಊರೂರು ಅಲೆದ. ಶನಿವಾರ ಡಾಲಸ್ ಕಡೆಗೆ, ಭಾನುವಾರ ಹ್ಯೂಸ್ಟನ್ ಕಡೆಗೆ. ಹೆದ್ದಾರಿಯ ಬದಿಯಲ್ಲಿ ಜನ ಕಾರು ನಿಲ್ಲಿಸಿ, ಬ್ಲೂಬಾನೆಟ್ ಹೂವಿನ ನಡುವೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದರು. ಪ್ರಹ್ಲಾದನಿಗೆ ಒಂದು ಕಾಫಿ ಕುಡಿಯಲೂ ನಿಲ್ಲುವ ಸಮಾಧಾನವಿಲ್ಲ.

ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸಿನಲ್ಲಿ ರಾಜಲಕ್ಷ್ಮಿ ಮೇಡಂ ಮನೆಯಲ್ಲೇ ಸಂಗೀತ ಶಾಲೆ ನಡೆಸುತ್ತಿದ್ದರು. ತಾರೆಯರಲ್ಲಿ ತಾರೆ. ಅವರ ಶಿಷ್ಯೆಯರನ್ನಾದರೂ ಹೊಸಬರೆಂದು ಕಳಿಸಿಕೊಡಿ ಎಂದು ಪ್ರಹ್ಲಾದ ಕೈಮುಗಿದ.

"ನನ್ನ ಶಿಷ್ಯರು ಹೊಸಬರು ಅಂದ್ರೆ ನಾನು ಇಷ್ಟು ವರ್ಷ ಏನೂ ಕಲಿಸಿಲ್ಲ ಅಂತಾಯ್ತು" ಎಂದು ಮೇಡಂ ಒಬ್ಬಟ್ಟಿನ ತಟ್ಟೆಯನ್ನು ಅವನ ಮುಂದಿನಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. "ಸಾನ್‌ರೆಮೊದಲ್ಲಿ ನೀವು ಜಡ್ಜ್ ಆಗಿದ್ರಿ, ನಿಮಗೆ ನಾನು ಹೇಳ್ಬೇಕಾ?"

ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಪರದಾಡುತ್ತಿದ್ದಾಗ ಲಿಂಗರಾಜು ಫೋನು. "ಟೈಮ್‌ಟೇಬಲ್ ಕೊಡ್ರೀ, ಅಡುಗೆಯೋರಿಗೆ ಊಟದ ಹೊತ್ತು ಹೇಳ್ಬೇಕು. ತಾರೆಯರು ಯಾವಾಗ?"

"ಕೊನೇಲಿ ಸಾರ್. ಅಲ್ಲಿ ದೊಡ್ಡೋರು ಕೊನೇಲೇ ಬರೋದು" ಎಂದ ಪ್ರಹ್ಲಾದ. ಅಲ್ಲಿ ಕೊನೆಯಲ್ಲಿ ಯಾರು ಬರುತ್ತಾರೋ ಅವನಿಗೇನು ಗೊತ್ತು, ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದ.

"ಸರಿ ಹಾಗಾದ್ರೆ. ಹೊಸಬರು ಊಟಕ್ಕೆ ಮುಂಚೆ. ತಾರೆಯರು ಊಟ ಆದ ಮೇಲೆ."

ಪ್ರಹ್ಲಾದ 'ಹೂಂ' ಎಂದ. ತಾರೆಯರಿಗೆ ಇದು ಗೌರವವೆಂದೇ ಅವನು ಭಾವಿಸಿದ್ದು. ಇಷ್ಟು ವರ್ಷ ಕನ್ನಡದವರ ಸಮಾರಂಭಗಳಿಗೆ ಹೋಗಿ ಬಂದೂ ಈ ಮನುಷ್ಯನಿಗೆ ಒಂದು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ! ನಮ್ಮವರಲ್ಲಿ ಊಟ ಆಯಿತೆಂದರೆ ಆಯಿತು. ಹ್ಯೂಸ್ಟನ್ನಿನವರು 'ದೂರದ ಡ್ರೈವ್' ಎಂದು ಏಳುತ್ತಾರೆ. ಡಾಲಸ್ಸಿನವರು 'ಮನೇಲಿ ನಾಯಿ ಒಂದೇ ಇದೆ' ಎನ್ನುತ್ತಾರೆ. ಪಕ್ಕದ ಬೀದಿಯವರು ಏನೂ ಹೇಳದೆಯೂ ಹೊರಡುತ್ತಾರೆ. ಊಟದ ನಂತರದ ಸಭಾಂಗಣದಲ್ಲಿ ಉಳಿಯುವುದು ವಂದನಾರ್ಪಣೆಯವರು ಮತ್ತು ಅವರ ಮನೆಯವರು ಮಾತ್ರ.

ಟೈಮ್‌ಟೇಬಲ್ ವಾಟ್ಸಾಪಿಗೆ ಬಿತ್ತು. ಆಮೇಲೆ ರಾಜಲಕ್ಷ್ಮಿ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಬೆಣ್ಣೆ.

"ಪ್ರಹ್ಲಾದ್, ನಾನೂ ಯೋಚನೆ ಮಾಡ್ದೆ. ನಾನೇನು ಅಂಥ ತಾರೆ ಅಲ್ಲ ಕಣ್ರೀ. ನಿಜ ಹೇಳ್ಬೇಕೂಂದ್ರೆ ನಂಗೆ ತಾಳಾನೇ ನಿಲ್ಲಲ್ಲ. ಹೊಸಬರಿಗೆ ಹಾಕ್ಬಿಡಿ."

"ಅಯ್ಯೋ ಮೇಡಂ, ನಿಮ್ಮ ಹತ್ರ ಅಷ್ಟೊಂದು ಮಕ್ಕಳು ಕಲೀತಾ ಇದಾರೆ!"

"ಅವರಿಗೂ ನಿಲ್ಲಲ್ಲ."

ಹಿಂದೆಯೇ ಡಾಕ್ಟರ್ ಹಾಲಪ್ಪ. "ನಾ ಗಣಪತಿ ಮುಂದ ಹಾಡಿದ್ದು ಖರೇ ಅದರೀ. ಆದ್ರ ಶುರು ಮಾಡಿದ ಕೂಡ್ಲೇ ಕರೆಂಟ್ ಹೋತು. ಯಾರೂ ಕೇಳಿಲ್ಲ. ಅಂದ ಮ್ಯಾಲ ನಾ ಹೊಸಬನ ಆದೆನಲ್ಲ?"

"ಮಂದಿ ನೆನಸ್ತಾರೆ ಅಂದ್ರಿ?"

"ಕರೆಂಟ್ ಹೋದದ್ದು ನೆನಸ್ತಾರ್ರೀ!"

ಹೀಗೆ ಒಬ್ಬೊಬ್ಬರೇ ತಮಗೆ ಹಾಡಲು ಬರುವುದಿಲ್ಲವೆಂದು ಸಾಕ್ಷಿ ಸಮೇತ ಸಾಬೀತು ಮಾಡಿಕೊಂಡು ಕೆಳಗಿಳಿದರು. ಶ್ರುತಿ ಅಂದ್ರೆ ಏನು ಅಂತಲೇ ಗೊತ್ತಿಲ್ಲ ಎಂದವರೊಬ್ಬರು, ಹೆಂಡತಿಯನ್ನೇ ಕೇಳಿ ಎಂದು ಫೋನ್ ಅವಳ ಕೈಗೆ ಕೊಟ್ಟರು. ಅವಳು ಬಹಳ ಸಂತೋಷದಿಂದ ಹೌದೆಂದಳು. ತರುಣ್ ಫೋನ್ ಮಾಡಿ, "ಅಂಕಲ್, ಹೊಸಬರಲ್ಲಿ ನಾನೇ ಸೀನಿಯರ್ ಆಗ್ಬಿಟ್ಟಿದೀನಿ" ಎಂದು ಗೋಳಾಡಿದ. ತಾರೆಯರ ವಿಭಾಗ ಖಾಲಿ.

"ಬ್ಯಾನರ್ ಪ್ರಿಂಟಾಗಿದೆ ರೀ!" ಲಿಂಗರಾಜು ಕೂಗಾಡಿದರು. "'ತಾರೆಯರು ಮತ್ತು ಹೊಸಬರು' ಅಂತ ಇಷ್ಟಗಲ ಇದೆ. ಒಬ್ಬ ತಾರೆಯನ್ನಾದ್ರೂ ಎಲ್ಲಿಂದಾದ್ರೂ ತನ್ನಿ!"

ಪ್ರಹ್ಲಾದ ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ಎದುರಿಗೆ ಅನಸೂಯ ಬೆನ್ನು ತಿರುಗಿಸಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಇಂಚರಾ ಬಂದು, "ಡ್ಯಾಡ್, ಅಮ್ಮ ಸೇಸ್ ಪುಟ್ ಹರ್ ಡೌನ್ ಆಸ್ ದ ಸ್ಟಾರ್" ಎಂದಳು.

ಪ್ರಹ್ಲಾದ ತಲೆ ಮೇಲಿನ ಕೈ ತೆಗೆದ. "ಬೇಡ ಅಂತ ಹೇಳೇ. ಊಟ ಆದ ಮೇಲೆ ಹಾಲ್ ಖಾಲಿ ಇರತ್ತೆ ಅಂತ ಹೇಳು."

"ಶೀ ನೋಸ್."

"ಮತ್ತೆ ಪ್ರಾರ್ಥನೆ?"

ಇಂಚರಾ ಅಮ್ಮನ ಬೆನ್ನನ್ನೊಮ್ಮೆ ನೋಡಿದಳು. "ನೋ ಪ್ರಾರ್ಥನೆ. ಶೀ ಈಸ್ ಎ ಸ್ಟಾರ್ ನೌ."

ಆಮೇಲಿನ ದಿನಗಳಲ್ಲಿ ಪ್ರಹ್ಲಾದನ ಕಾಲು ಒಂದು ಕಡೆ ನಿಂತರೆ ಕೇಳಿ. ಹೆಂಡತಿಯನ್ನು ಸ್ಪರ್ಧೆಯಿಂದ ಬಿಟ್ಟದ್ದು ಒಂದು ತಪ್ಪು. ಈಗ ಖಾಲಿ ಕುರ್ಚಿಗಳ ಮುಂದೆ ಅವಳನ್ನು ನಿಲ್ಲಿಸುವುದು ಅದಕ್ಕಿಂತ ದೊಡ್ಡದು. ಊಟಕ್ಕೆ ಮುಂಚೆ ಅವಳಿಗೆ ಜಾಗ ಕೊಡಿ ಎಂದು ಒಬ್ಬೊಬ್ಬ ಹೊಸಬರನ್ನೂ ಬೇಡಿಕೊಂಡ. ಯಾರೂ ಅಲುಗಲಿಲ್ಲ. "ನಾವು ಹೊಸಬರು, ನಮಗೆ ಪ್ರೋತ್ಸಾಹ ಬೇಕು" ಎಂದರು ರಾಜಲಕ್ಷ್ಮಿ ಮೇಡಂ. ಜನ ಹೋಗದಂತೆ ಹೋಳಿಗೆಯನ್ನು ಕೊನೆಯವರೆಗೆ ಬಚ್ಚಿಡಿ ಎಂದು ಅಡುಗೆಯ ದಾನಪ್ಪನವರಿಗೆ ಹೇಳಿದ. "ಹೋಳಿಗೆ ಇಲ್ಲ ಅಂದ್ರೆ ಜನ ನನ್ನನ್ನೇ ಬೇಯಿಸ್ತಾರೆ ಸ್ವಾಮಿ" ಎಂದು ಅವರು ಫೋನ್ ಇಟ್ಟರು.

ಸ್ಪರ್ಧೆಯ ದಿನ ಬಂತು. ಪ್ರಾರ್ಥನೆಯ ಹೊತ್ತಿಗೆ ಅನಸೂಯ ಮೈಸೂರು ರೇಷ್ಮೆ ಉಟ್ಟು ಮೂರನೆಯ ಸಾಲಿನಲ್ಲಿ ಆರಾಮಾಗಿ ಕೂತಿದ್ದಳು. ಲಿಂಗರಾಜು ಅವಳ ಕಡೆ ನೋಡಿದರು, ಅವಳು ಛಾವಣಿ ನೋಡಿದಳು. ಬೇರೆ ಯಾರಿಗೂ ಪ್ರಾರ್ಥನೆ ಬಾಯಿಪಾಠವಿರಲಿಲ್ಲ, ಅವರೆಲ್ಲ ಆ ಹೊತ್ತಿನಲ್ಲಿ ಕುರ್ಚಿ ಹುಡುಕುತ್ತಿದ್ದವರಲ್ಲವೇ! ಕೊನೆಗೆ ಲಿಂಗರಾಜು ಫೋನಿನಲ್ಲಿ ಯಾವುದೋ ರೆಕಾರ್ಡು ಹಾಕಿ ಮೈಕಿಗೆ ಹಿಡಿದರು. ಮೊದಲು ಕಾರ್ ಇನ್ಶೂರೆನ್ಸಿನ ಜಾಹೀರಾತು ಬಂತು. ಇಡೀ ಸಭೆ ಎದ್ದು ನಿಂತು, ಕಣ್ಣು ಮುಚ್ಚಿ, ಕೈ ಮುಗಿದು ಅದನ್ನು ಕೇಳಿತು.

ಆಮೇಲೆ ಹೊಸಬರು. ಹಾಡು ಹೊಸದಿರಬೇಕೆಂಬ ನಿಯಮವನ್ನು ಎಲ್ಲರೂ ಪಾಲಿಸಿದ್ದರು: ಹಳೆಯ ಹಾಡಿನಲ್ಲಿ ಕಾವೇರಿ ಇದ್ದ ಕಡೆ ಕೊಲೊರಾಡೊ ಎಂದು ಇಲ್ಲಿನ ಹೊಳೆಯ ಹೆಸರು ಸೇರಿಸಿದ್ದರು. ರಾಜಲಕ್ಷ್ಮಿ ಮೇಡಂ 'ಏನೋ ಕಲಿಯುವವಳು' ಎಂದು ಕ್ಷಮೆ ಕೇಳಿ ಹಾಡಲು ಕೂತು, ಏಳಿ ಎಂದರೂ ಏಳಲಿಲ್ಲ. ಡಾಕ್ಟರ್ ಹಾಲಪ್ಪ ಈ ಸಲವಾದರೂ ಕರೆಂಟ್ ಹೋಗಲಿಲ್ಲವೆಂಬ ಖುಷಿಗೆ ಹಾಡಿದ್ದನ್ನೇ ಎರಡು ಸಲ ಹಾಡಿದರು. ಪ್ರಹ್ಲಾದ ವೇದಿಕೆಯ ಬದಿಯಲ್ಲಿ ನಿಂತು ಗಡಿಯಾರ ತೋರಿಸಿದ, ಕೈ ಬೀಸಿದ, ಕೊನೆಗೆ ಪರದೆಯ ಹಗ್ಗವನ್ನೂ ಹಿಡಿದು ನೋಡಿದ. ಊಟದ ಹೊತ್ತು ಯಾವಾಗಲೋ ಮೀರಿತ್ತು. ಪಕ್ಕದ ಕೆಫೆಟೇರಿಯಾದಿಂದ ತುಪ್ಪದ ವಾಸನೆ ಬಂದದ್ದೇ ತಡ, ಸಭೆ ತಾನಾಗಿಯೇ ಎದ್ದು ಆ ಕಡೆ ಹರಿಯಿತು. ಹಾಡುತ್ತಿದ್ದ ತರುಣ್ ಕೂಡ ಚರಣವನ್ನು ಅಲ್ಲೇ ಬಿಟ್ಟು ಹೋದ.

ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡ ಶಾಲೆಯ ಮೇಲ್ವಿಚಾರಕ ಬಂದು ಪ್ರಹ್ಲಾದನ ಭುಜ ತಟ್ಟಿದ. ಸಭಾಂಗಣದ ಬಾಡಿಗೆ ಸಮಯ ಮುಗಿಯಿತು, ದೀಪ ಆರಿಸುತ್ತೇನೆ, ಊಟದ ಕೋಣೆಯನ್ನು ಮಾತ್ರ ಇನ್ನೊಂದಿಷ್ಟು ಹೊತ್ತು ಇಟ್ಟುಕೊಳ್ಳಿ ಎಂದ. ಪ್ರಹ್ಲಾದ ಅಂಗಲಾಚಿದ. ಒಂದೇ ಹಾಡು ಎಂದ. ಹೆಂಡತಿ ಎಂದ. ಆ ಮನುಷ್ಯ ತಾನೂ ಮದುವೆಯಾದವನೇ, ಅರ್ಥವಾಗುತ್ತದೆ ಎಂದು ಹೇಳಿ ದೀಪ ಆರಿಸಿದ.

ಅನಸೂಯ ಪರದೆಯ ಹಿಂದೆ ಕುರ್ಚಿಯ ಮೇಲೆ ಕೂತಿದ್ದಳು. ಕೈಯಲ್ಲಿ ಫೋನು, ಅದರಲ್ಲಿ ತಂಬೂರಿಯ ಶ್ರುತಿ ಸಣ್ಣಗೆ ನಡೆದಿತ್ತು. ಪ್ರಹ್ಲಾದ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅನು, ಟೈಮ್ ಮುಗೀತಂತೆ. ಹಾಲ್ ಕ್ಲೋಸ್ ಮಾಡ್ತಿದಾರೆ. ನನ್ನಿಂದ ಆಗ್ಲಿಲ್ಲ ಕಣೇ. ನಾನೊಬ್ಬ ದಡ್ಡ."

ಅವಳು ಅವನನ್ನು ನೋಡಿದಳು. ಎದ್ದು, ಸೆರಗು ಸರಿಮಾಡಿಕೊಂಡು, ಕತ್ತಲೆಯ ಸಭಾಂಗಣದ ನಡುವೆ ದಾಟಿ, ನೇರ ಊಟದ ಕೋಣೆಗೆ ಹೊರಟಳು. ಪ್ರಹ್ಲಾದ ಹಿಂದೆಯೇ ಓಡಿದ.

ಅಲ್ಲಿ ಲಿಂಗರಾಜು ಒಂದು ಮೈಕು ಹಿಡಿದು, "ಯಾರದೋ ಗ್ರೇ ಕಾರು ದಾರಿಗೆ ಅಡ್ಡ ಇದೆ" ಎಂದು ಕೂಗುತ್ತಿದ್ದರು. ಅನಸೂಯ ಆ ಮೈಕನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ಮದುವೆ ಊಟದಲ್ಲಿ ಬೀಗರ ಹಾಡು ಹೇಳೋದು ನಮ್ಮ ಕಡೆ ಪದ್ಧತಿ" ಎಂದಳು. "ಇಲ್ಲಿ ಬೀಗರಿಲ್ಲ. ಅದಕ್ಕೇ ಗಂಡನ ಮೇಲೆ ಕಟ್ಟಿದೀನಿ. ಹೊಸ ಹಾಡು. ಯಾರೂ ಕೇಳಿಲ್ಲ."

ತುಂಬಿದ ಪಂಕ್ತಿ. ಎಲ್ಲರ ಬಾಯಲ್ಲೂ ಹೋಳಿಗೆ. ಅನಸೂಯ ಹಾಡಿದಳು:

ಇಟಲಿಗೆ ಹೋಗಿ ಬಂದರು ನಮ್ಮ ರಾಯರು ಕೇಳಿರೆ
ಅಂಗಿಯ ಇಸ್ತ್ರಿ ನಾನು ಮಾಡಿದೆ, ಬಡಾಯಿ ಅವರದು ನೋಡಿರೆ
ಸೋಫಾದ ಮೇಲೆ ತೂಕಡಿಸುತ್ತ ಟಿವಿಯ ಕಂಡವರು
ಊರಿಗೆ ಬಂದು ತೀರ್ಪುಗಾರರೇ ಆಗಿ ನಿಂತವರು

ಡಾಕ್ಟರ್ ಹಾಲಪ್ಪನವರಿಗೆ ಸಾರು ನೆತ್ತಿಗೆ ಹತ್ತಿತು. ನಗಬೇಕೆಂದರೆ ಬಾಯಿ ತುಂಬ ಊಟ, ಮಾತಾಡಬೇಕೆಂದರೂ ಅದೇ ಕಷ್ಟ. ಇಡೀ ಕೋಣೆ ತೆಪ್ಪಗಿತ್ತು. ಪ್ರಹ್ಲಾದ ಕಂಬದ ಮರೆಗೆ ಸರಿದ. ಅಲ್ಲಿ ಇಂಚರಾ ವಿಡಿಯೊ ಮಾಡುತ್ತಿದ್ದಳು.

ತಾರೆಯರೆಲ್ಲ ಊಟದ ಆಸೆಗೆ ಹೊಸಬರಾದರು ನೋಡಿರೆ
ನರೆತ ತಲೆಗೆ ಬಣ್ಣವ ಬಳಿದು ಎಳೆಯರಾದರು ನೋಡಿರೆ
ತಾಳವು ನಿಲ್ಲದು, ಶ್ರುತಿಯೂ ತಿಳಿಯದು ಎಂದು ಆಣೆ ಇಟ್ಟವರು
ತುಪ್ಪದ ವಾಸನೆ ಮೂಗಿಗೆ ಬಡಿಯಲು ಓಡಿ ಬಂದರು ನೋಡಿರೆ

ರಾಜಲಕ್ಷ್ಮಿ ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ, ತಾಳ ನಿಲ್ಲದವರು, ಎಡಗೈಯಲ್ಲಿ ತೊಡೆಯ ಮೇಲೆ ತಪ್ಪದೆ ತಾಳ ಹಾಕತೊಡಗಿದರು. ಬಾಗಿಲಲ್ಲಿ ಮೇಲ್ವಿಚಾರಕ ಹೋಳಿಗೆ ಹಿಡಿದು ನಿಂತಿದ್ದ. ಅನಸೂಯಳ ದನಿ ಸ್ವಲ್ಪ ಇಳಿಯಿತು:

ಕುರ್ಚಿಯ ಹುಡುಕುವ ಗದ್ದಲದೊಳಗೆ ದೇವರ ಕರೆದೆ ನಾನು
ಕರೆದದ್ದವನಿಗೆ ಕೇಳಿತೊ ಏನೋ, ಕಾಣದೆ ಹೋದೆ ನಾನು
ಕಡಲಿನ ಆಚೆಯ ಹಾಡಿಗೆ ರಾಯರು ತಲೆಯ ತೂಗಿದರು
ಒಲೆಯ ಮುಂದಿನ ಹಾಡನು ಮಾತ್ರ ಒಮ್ಮೆಯೂ ಕೇಳಲಿಲ್ಲ

ಹಾಡು ಮುಗಿಯಿತು. ಪೂರ್ತಿ ಮುಗಿಯಿತು. ಯಾರೂ ಸಾಕು ಎನ್ನಲಿಲ್ಲ. ಹೆಂಗಸರು ಎಂಜಲು ಕೈಯಲ್ಲೇ ಕಣ್ಣೊರೆಸಿಕೊಂಡರು. ಮಗಳ ಬಾಣಂತನಕ್ಕೆಂದು ಊರಿಂದ ಬಂದಿದ್ದ ಶಕುಂತಲಮ್ಮನೆಂಬ ಅಜ್ಜಿ ತಟ್ಟೆ ಬಡಿದು, "ಗಂಡಿನ ಕಡೆಯೋರು ಉತ್ತರ ಕೊಡ್ಬೇಕಪ್ಪ! ಎಲ್ಲಿ, ಕರೀರಿ ಅವನನ್ನ!" ಎಂದು ಕೂಗಿದರು. ಬೀಗರ ಹಾಡಿಗೆ ಉತ್ತರ ಕೊಡದಿದ್ದರೆ ಆ ಪಕ್ಷ ಸೋತಂತೆ. ಡಾಕ್ಟರ್ ಹಾಲಪ್ಪ ಎದ್ದು ಹೋಗಿ ಪ್ರಹ್ಲಾದನನ್ನು ಕಂಬದ ಹಿಂದಿನಿಂದ ಎಳೆತಂದು ನಿಲ್ಲಿಸಿದರು.

ಪ್ರಹ್ಲಾದ ಜನ್ಮದಲ್ಲಿ ಹಾಡಿದವನಲ್ಲ. ಅವಳದ್ದೇ ಧಾಟಿ ಹಿಡಿಯಲು ಹೋಗಿ, ಎಲ್ಲೋ ಜಾರಿ, ಇನ್ನೆಲ್ಲೋ ಎದ್ದು ಹಾಡಿದ:

ತಪ್ಪಾಯ್ತು ಕಣೇ, ತಪ್ಪಾಯ್ತು ಕಣೇ, ತಪ್ಪು ನನ್ನದೇನೆ

ಮುಂದಿನ ಸಾಲು ಬರಲಿಲ್ಲ. ಜನ ಕಾದರು. ಕೊನೆಗೆ ರಾಗ ಬಿಟ್ಟು, "ಆ ಕೊನೇದನ್ನ ಇನ್ನೊಂದ್ಸಲ ಹಾಡೇ. ಕೇಳ್ತೀನಿ" ಎಂದು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಅನಸೂಯ ಮೈಕು ತೆಗೆದುಕೊಂಡು ಹಾಡಿದಳು. ಅವನು ಕೇಳಿದ. ಇಷ್ಟು ಒಳ್ಳೆಯ ದನಿ ತನ್ನ ಮನೆಯಲ್ಲೇ ಇತ್ತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು, ಅಳುವೂ ಬಂತು. ತಲೆ ತಗ್ಗಿಸಿ ಕೂತ.

ಹಾಡು ಮುಗಿಸಿ ಅವಳು ಅವನ ಹತ್ತಿರ ಬಂದಳು. ಮೈಕ್ ಆರಿಸಿದೆನೆಂದು ಅವಳು ತಿಳಿದಿದ್ದಳು. ಆರಿರಲಿಲ್ಲ. ಮೂರು ಊರಿನ ಜನರಿಗೂ ಸ್ಪಷ್ಟವಾಗಿ ಕೇಳಿಸಿತು:

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಏಳಿ, ಊಟ ಮಾಡೇಳಿ."

ಆ ದಿನ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಈ ಮಾತಿಗೆ. ಪ್ರಹ್ಲಾದ ಕಣ್ಣೊರೆಸಿಕೊಂಡು ಎದ್ದು, ಒಂದು ತಟ್ಟೆ ತೆಗೆದುಕೊಂಡು, ಸಾಲಿನ ಕೊನೆಗೆ ಹೋಗಿ ನಿಂತ.